ಬನ್ನಿಗಡ್ಡಿಗೆ ಹೋದ ತವರ ಸೀರೆ

ಬಾಗದ ಒಂದು ಕಾಲನ್ನು ಕಲ್ಲುಗಾಡು, ಮಡು, ಸುಳಿಗಳನ್ನೆಲ್ಲ ದಾಟಿಸಿ ಬನ್ನಿಗಡ್ಡಿಗೆ ಮುಟ್ಟಿಸುವುದು ಹೇಗೆ? ಆ ಬೇಸಿಗೆಯಲ್ಲಿ ಯಮನೂರಪ್ಪನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಕಾಲು ಅವನ ಹೆಂಡತಿ ತಿಮ್ಮವ್ವನದು. ಬನ್ನಿಗಡ್ಡಿ ಇರುವುದು ದೇವದುರ್ಗದಾಚೆ, ಕೃಷ್ಣೆಯ ನಟ್ಟನಡುವೆ. ಸುತ್ತ ನೀರು, ನಡುವೆ ಹಿಡಿಯಷ್ಟು ಮನೆಗಳು. ಇವರ ಊರು ಮಾನ್ವಿಯ ಮಗ್ಗುಲಲ್ಲಿ. ಬಂಡಿಯಲ್ಲಿ ಎರಡು ದಿನದ ದಾರಿ, ಆಮೇಲೆ ಬಂಡಿ ಹೋಗದ ಬಂಡೆಗಳು, ಆಮೇಲೆ ಹೊಳೆ. ಆ ನಡುಗಡ್ಡೆಗೆ ಮದುವೆಯಾಗಿ ಹೋಗಿದ್ದ ಮಗಳು ಅಮರಮ್ಮ ಹಿಂದಿನ ಶ್ರಾವಣದಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಆಗ ಹೊಳೆ ದಡ ಮೀರಿ ಹರಿಯುತ್ತಿತ್ತು. ಸುದ್ದಿ ಇವರ ಊರಿಗೆ ಬರುವ ಹೊತ್ತಿಗೆ ಅವಳನ್ನಿಟ್ಟ ಮಣ್ಣಿನ ಮೇಲೆ ಹುಲ್ಲು ಹುಟ್ಟಿತ್ತು.

ಆ ಸೀಮೆಯಲ್ಲಿ ಗಂಡನ ಮನೆಯಲ್ಲಿ ಸತ್ತ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಯಾರೂ ಉಡದ, ಎಲ್ಲೂ ಹರಿಯದ ಇಡೀ ಸೀರೆ. ಅದು ಬರುವ ತನಕ ಆ ಜೀವ ಮುಂದಕ್ಕೆ ಹೋಗದೆ ದಾರಿ ನೋಡುತ್ತ ಕೂತಿರುತ್ತದೆ ಎಂದು ಹಿರಿಯರು ನಂಬಿದ್ದರು. ವರ್ಷ ತುಂಬುವುದರೊಳಗಾದರೂ ಮುಟ್ಟಿಸಿದರೆ ನಡೆಯುತ್ತದೆ. ಮಳೆ ಹಿಡಿದರೆ ಹೊಳೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತದೆ.

"ಸೀರಿ ತಾಯಪ್ಪನ ಕೈಯಾಗ ಕೊಟ್ಟು ಕಳಸೋಣ. ನೀ ಯಾಕ ಈ ಕಾಲು ಕಟಗೊಂಡು?" ಎಂದ ಯಮನೂರಪ್ಪ, ಮಗನ ಕಡೆ ಕೈ ತೋರಿಸಿ.

"ಕರಕೊಂಡು ಬರತೀನಿ ಅಂತ ಹೇಳಿ ಕಳಿಸಿದಾಕಿ ನಾನು," ಎಂದಳು ತಿಮ್ಮವ್ವ. "ತಾಯಪ್ಪ ಅಲ್ಲ."



ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾಗಿತ್ತು. ಹೊಳೆ ತುಂಬುವ ಮೊದಲೇ ಕರೆತರಬೇಕೆಂದು ಬಂಡಿ ಹೂಡಿಯೂ ಆಗಿತ್ತು. ಆದರೆ ತಿಮ್ಮವ್ವನ ಮೊಣಕಾಲಿನ ಕೆಳಗೆ ನಾರುಹುಣ್ಣು ಎದ್ದಿತ್ತು. ಮೆಟ್ಟಿಲು ಬಾವಿಯ ನೀರಿನಿಂದ ಮೈಗಿಳಿಯುವ ಆ ಹುಳ ದಾರದಂತೆ ಚರ್ಮದಿಂದ ಹೊರಬರುತ್ತದೆ. ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟೇ ಎಳೆದು, ತಾಳ್ಮೆಯಿಂದ ತೆಗೆಯಬೇಕು. ಅರ್ಧ ಹೊರಬಂದಿತ್ತು. ಬಂಡಿ ಹತ್ತುವ ಅವಸರದಲ್ಲಿ ಕಡ್ಡಿ ಬಂಡಿಯ ಗೂಟಕ್ಕೆ ಸಿಕ್ಕಿತು. ಹುಳ ಒಳಗೇ ತುಂಡಾಯಿತು. ಸಂಜೆಗೆ ಕಾಲು ಬಾತು, ಜ್ವರ ಏರಿ, ಆ ಬಂಡಿ ದೇವದುರ್ಗದ ದಾರಿ ಬಿಟ್ಟು ರಾಯಚೂರಿನ ದವಾಖಾನೆಯ ದಾರಿ ಹಿಡಿಯಿತು. ಡಾಕ್ಟರು ಜೀವ ಉಳಿಸಿಕೊಟ್ಟರು. ಮೊಣಕಾಲು ಮಾತ್ರ ಕಟ್ಟಿಗೆಯಂತೆ ಸೆಟೆದು ನಿಂತುಬಿಟ್ಟಿತು. ಇತ್ತ ಇವರು ಮನೆಗೆ ಬರುವಷ್ಟರಲ್ಲಿ ಅತ್ತ ಕೃಷ್ಣೆ ತುಂಬಿದ್ದಳು.

ಲಡಾಯಿಯ ಕಾಲ. ಪೇಟೆಯಲ್ಲಿ ಬಟ್ಟೆಗೆ ಕಂಟ್ರೋಲು, ನೇಕಾರರಿಗೆ ನೂಲಿಲ್ಲ. ಹೀಗಾಗಿ ತಿಮ್ಮವ್ವ ಚಳಿಗಾಲವೆಲ್ಲ ಕಾಲು ಚಾಚಿ ಕೂತು, ತಮ್ಮ ಹೊಲದ ಹತ್ತಿಯನ್ನೇ ರಾಟಿಯಲ್ಲಿ ನೂತಳು. ನೇಕಾರ ಹಂಪಯ್ಯ ಅದನ್ನು ನೀಲಿಯಲ್ಲಿ ಅದ್ದಿ, ಕೆಂಪು ದಡಿ ಇಟ್ಟು ನೇಯ್ದುಕೊಟ್ಟ. ನಡೆಯಲಾರದವಳು ಕೂತಲ್ಲೇ ಮಗಳ ಕಡೆಗೆ ಅಷ್ಟು ದೂರ ಬಂದಿದ್ದಳು. ಉಳಿದ ದೂರಕ್ಕೆ ಗಂಡ, ಮಗನ ಹೆಗಲು ಬೇಕಾಗಿತ್ತು.

ಮೊದಲು ಉದ್ದನೆಯ ಬೊಂಬಿಗೆ ಮಣೆ ತೂಗುಹಾಕಿ ಡೋಲಿ ಮಾಡಿದರು. ಮುಂದೆ ತಾಯಪ್ಪ, ಹಿಂದೆ ಯಮನೂರಪ್ಪ. ಊರ ಬೇವಿನ ಮರದ ಸುತ್ತ ಹೊತ್ತು ನೋಡಿದರು. ನಾಲ್ಕು ಹೆಜ್ಜೆಗೇ ತಾಯಪ್ಪ ಕಿರಿಚಿದ.

"ಯವ್ವಾ, ಒದಿಬ್ಯಾಡ! ಎತ್ತಿಗಿ ಹೊಡದಂಗ ಬೆನ್ನಾಗ ಹೊಡಿಯಾಕತ್ತೀ ಅಲ್ಲ!"

"ನಾ ಎಲ್ಲಿ ಒದ್ದೆನೋ? ಕಾಲು ತಾನೇ ಹೋಗತದ."

"ಲೇ, ಮೆಲ್ಲಕ ನಡಿ. ನಿಮ್ಮವ್ವ ಜ್ವಾಳದ ಚೀಲ ಅಲ್ಲ," ಎಂದು ಯಮನೂರಪ್ಪ ಹಿಂದಿನಿಂದ ಕೂಗಿದ.

"ಚೀಲ ಆಗಿದ್ರ ಒದೀತಿದ್ದಿಲ್ಲ ಯಪ್ಪಾ!"

ಅಡ್ಡಡ್ಡ ಕೂರಿಸಿದರೆ ಕಾಲು ಗಿಡಗಂಟಿಗೆ ಸಿಗುತ್ತಿತ್ತು. ಹಿಂದುಮುಂದಾಗಿ ಕೂರಿಸಿದರೆ ಯಮನೂರಪ್ಪನ ಹೊಟ್ಟೆಗೆ ತಾಗುತ್ತಿತ್ತು. ಕಡೆಗೆ ಬೊಂಬಿನಿಂದ ಒಂದು ಬಟ್ಟೆಯ ಕುಣಿಕೆ ಇಳಿಬಿಟ್ಟು, ಸೆಟೆದ ಕಾಲನ್ನು ತೊಟ್ಟಿಲಿನಂತೆ ಅದರಲ್ಲಿ ತೂಗಿದರು. ಬೀಳದಿರಲೆಂದು ಸೊಂಟಕ್ಕೂ ಮಣೆಗೂ ಸೇರಿಸಿ ಹಗ್ಗ ಬಿಗಿದರು. ಒಣಭೂಮಿಯ ಜನ. ಬಿಗಿದು ಕಟ್ಟಿದ್ದು ಬೀಳುವುದಿಲ್ಲ ಎಂಬುದೇ ಅವರಿಗೆ ಗೊತ್ತಿದ್ದ ಕ್ಷೇಮ.

"ಲಗ್ನದಾಗ ಸುದ್ದಾ ನನ್ನ ಹಿಂಗ ಹೊತ್ತು ಮೆರಸಿದ್ದಿಲ್ಲ ನೀ," ಎಂದಳು ತಿಮ್ಮವ್ವ ಗಂಡನಿಗೆ.

"ಅವಾಗ ನಿನಗ ಎರಡೂ ಕಾಲು ಇದ್ವು ಬೇ. ಇಳದು ಓಡಿ ಹೋಗತಿದ್ದಿ."

ಅವಳು ನಕ್ಕಳು. ಮರುಕ್ಷಣ ನಕ್ಕದ್ದು ತಪ್ಪೆಂಬಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವೈಶಾಖದ ಒಂದು ಬೆಳಗ್ಗೆ, ಹನುಮಪ್ಪನ ಗುಡಿಗೆ ಎಣ್ಣೆ ಕೊಟ್ಟು ಬಂಡಿ ಹೊರಟಿತು. ಜೋಳದ ಒಣ ಸೊಪ್ಪೆಯ ಮೇಲೆ ಕೌದಿ ಹಾಸಿ ತಿಮ್ಮವ್ವನನ್ನು ಮಲಗಿಸಿದ್ದರು. ಸೀರೆಯ ಗಂಟು ಅವಳ ಮಡಿಲಲ್ಲಿತ್ತು.

ಆ ದಾರಿ ಬೇಸಿಗೆಯಲ್ಲಿ ಸುಟ್ಟ ರೊಟ್ಟಿಯಂತೆ. ಎರೆಹೊಲಗಳು ಬಿರಿದು ಬಾಯ್ದೆರೆದಿದ್ದವು. ಸಿರವಾರ ದಾಟಿದ ಮೇಲೆ ಭೂಮಿಯ ಬಣ್ಣ ಬದಲಾಗಿ ಕೆಂಪಾಯಿತು, ಕೆಂಪಿನೊಳಗಿಂದ ಕಲ್ಲುಗಳು ಎದ್ದವು. ದೇವದುರ್ಗ ಹತ್ತಿರವಾದಂತೆ ಗುಂಡುಗಲ್ಲುಗಳು ಒಂದರ ಮೇಲೊಂದು ಕೂತು, ದೇವರು ಆಟವಾಡಿ ಎತ್ತಿಡಲು ಮರೆತು ಹೋದಂತೆ ಕಾಣುತ್ತಿದ್ದವು. ಆ ಬಿಸಿಲಿನಲ್ಲೂ ಒಂದೊಂದು ಮುತ್ತುಗದ ಗಿಡ ಹಸಿರಾಗಿ ನಿಂತಿತ್ತು. ಅದನ್ನು ಕಂಡಾಗಲೆಲ್ಲ ತಿಮ್ಮವ್ವ ಕೈಮುಗಿದಳು. ನೀರಿಲ್ಲದ ಕಡೆ ಹಸಿರು ಉಳಿಸಿದವನ ಲೆಕ್ಕ ಮನುಷ್ಯರಿಗೆ ತಿಳಿಯುವಂಥದ್ದಲ್ಲ. ಹಾಗಿದ್ದರೂ ಅವಳು ಒಳಗೊಳಗೇ ಕೇಳುತ್ತಿದ್ದಳು: ಗಿಡಕ್ಕೆ ಸಿಕ್ಕಿದ್ದು ನನ್ನ ಕೂಸಿಗೆ ಯಾಕೆ ಸಿಗಲಿಲ್ಲ?

ಯಮನೂರಪ್ಪ ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತ್ರ ಮಾತಾಡಿದ. ದೇವದುರ್ಗ ಹಿಂದಾದ ಮೇಲೆ ತಿರುಗಿ ನೋಡದೆಯೇ ಹೇಳಿದ.

"ಅವತ್ತ ನಿನ್ನ ದವಾಖಾನಿಗಿ ಬಿಟ್ಟು ನಾ ಒಬ್ಬನೇ ಹೋಗಿದ್ರ, ಆಕಿ ಬರತಿದ್ದಳು."

"ಬಿಟ್ಟಿದ್ರ ನಾ ಇರತಿದ್ದಿಲ್ಲ."

"ಹ್ಞೂಂ," ಎಂದ ಯಮನೂರಪ್ಪ. "ಅದನ್ನ ಅವತ್ತಿನಿಂದ ತೂಗಾಕತ್ತೀನಿ. ತಕ್ಕಡಿ ನಿಂದ್ರವಲ್ದು."

ತಿಮ್ಮವ್ವ ಬಂಡಿಯೊಳಗಿಂದ ಕೈ ಚಾಚಿ ಅವನ ಬೆನ್ನ ಮೇಲಿಟ್ಟಳು. ದಾರಿ ಸಾಗಿತು.

ಹೊಳೆಗೆ ಇನ್ನೂ ಒಂದು ಹರಿದಾರಿ ದೂರ ಇರುವಾಗ ಬಂಡಿಯ ದಾರಿ ಮುಗಿಯಿತು. ಎತ್ತುಗಳನ್ನು ಬಿಚ್ಚಿ ಜೊತೆಗೆ ಹೊಡೆದುಕೊಂಡು, ಡೋಲಿ ಹೆಗಲಿಗೇರಿಸಿದರು. ಬಂಡೆಗಳ ಸಂದಿ ಕಿರಿದಾಗುತ್ತ ಹೋಯಿತು. ಒಂದು ಕಡೆ ಬೊಂಬು ಓರೆಯಾಗಿಸದೆ ಹೋಗುವಂತಿರಲಿಲ್ಲ. ತಾಯಪ್ಪ ಕೂತು ತೆವಳಿದ. ಯಮನೂರಪ್ಪ ಕೈ ಎತ್ತಿ ಹಿಡಿದ. ನಡುವೆ ತಿಮ್ಮವ್ವ ಕಲ್ಲಿಗೆ ಅಂಗೈ ಊರಿ ತನ್ನ ಭಾರವನ್ನು ತಾನೇ ತಡೆದುಕೊಂಡಳು. ಅಂಗೈ ಸುಲಿಯಿತು.

ಸಂದಿ ದಾಟಿ ಮರಳಿಗಿಳಿದರು. ತಾಯಪ್ಪ ಗಕ್ಕನೆ ನಿಂತ.

ಹತ್ತು ಮಾರು ಮುಂದೆ, ಒಣಗಿದ ಮರದ ಬೊಡ್ಡೆಯಂತೆ ಬಿದ್ದಿದ್ದದ್ದು ಬಾಯಿ ತೆರೆಯಿತು.

"ಯಪ್ಪಾ, ಮೊಸಳಿ!"

"ಅಲ್ಲಾಡಬ್ಯಾಡ."

ಓಡುವಂತಿರಲಿಲ್ಲ. ಹೆಗಲ ಮೇಲೆ ಅವ್ವನಿದ್ದಳು, ಅವಳು ಮಣೆಗೆ ಕಟ್ಟಿಸಿಕೊಂಡಿದ್ದಳು. ಹಿಂದಿನ ಎತ್ತು ಬುಸುಗುಟ್ಟಿ ಕೊಂಬು ಬೀಸಿತು. ಮೊಸಳೆ ಅವಸರವೇನೂ ಇಲ್ಲದೆ ತಿರುಗಿ, ಹೊಟ್ಟೆ ಎಳೆದುಕೊಂಡು ನೀರಿಗೆ ಜಾರಿತು.

"ಅದರ ಹೊಟ್ಟಿ ತುಂಬ್ಯದ. ಇಲ್ಲಾಂದ್ರ ನಿಮಗ ಸಲಾಮ್ ಹೇಳದೆ ಹೋಗೂದಲ್ಲ!"

ದನಿ ಹರಿಗೋಲು ನಡೆಸುವ ಅಲ್ಲಾಬಕ್ಷನದು. ದಂಡೆಯ ಗುಡಿಸಲ ಮುಂದೆ, ದುಂಡನೆಯ ತೊಗಲ ಹರಿಗೋಲನ್ನು ನೀರಿನಲ್ಲಿ ನೆನೆಹಾಕಿ ಕೂತಿದ್ದ. ಅವನ ಹೆಂಡತಿ ಹಸೀನಾ ಬೇಗಂ ಮಜ್ಜಿಗೆ ತಂದು ಮೊದಲು ತಿಮ್ಮವ್ವನಿಗೆ ಕುಡಿಸಿದಳು. ಯಾಕೆ ಬಂದಿರೆಂದು ಕೇಳಲಿಲ್ಲ. ಆ ಶ್ರಾವಣದಲ್ಲಿ ನಡುಗಡ್ಡೆಯಲ್ಲಿ ಸಾವಿಗೆ ಬಾರಿಸಿದ ಹಲಗೆಯ ಸದ್ದನ್ನು ಅವಳೂ ಈ ದಡದಿಂದ ಕೇಳಿದ್ದಳು.

ಅಲ್ಲಾಬಕ್ಷ್ ಡೋಲಿಯ ಸುತ್ತ ಒಂದು ಸುತ್ತು ಬಂದ.

"ಅರೆ, ಪಲ್ಲಕ್ಕಿ ಛಲೋ ಮಾಡೀರಿ. ಆದ್ರ ಈ ಹಗ್ಗ ಯಾಕ?"

"ಬೀಳಬಾರದಂತ," ಎಂದ ತಾಯಪ್ಪ.

"ಬಿಚ್ಚು. ಹರಗೋಲ ಮಗಚಿದ್ರ ಈಕಿ ಮಣಿ ಜೋಡಿನೇ ತಳಕ್ಕ ಹೋಗತಾಳ. ನೀರಿನ್ಯಾಗ ಕಟ್ಟೂದಲ್ಲ, ಬಿಡೂದು."

ಹಗ್ಗ ಬಿಚ್ಚಿದರು. ಡೋಲಿಯನ್ನು ಹರಿಗೋಲಿನಲ್ಲಿ ಅಡ್ಡ ಇಟ್ಟರು. ಬಿಚ್ಚಿದ ಹಗ್ಗದಿಂದ ಯಮನೂರಪ್ಪ ಎತ್ತುಗಳನ್ನು ದಂಡೆಯ ಜಾಲಿಗೆ ಕಟ್ಟಿದ. ಒಂದು ಹಗ್ಗ ಜೊತೆಗಿರಲಿ ಎಂದು ಆ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ನೀರಿನ ಮೇಲೆ ಹಗ್ಗ ಬೇಡ ಎಂದೇ ಅವರು ತಿಳಿದುಕೊಂಡಿದ್ದರು.

ಅಲ್ಲಾಬಕ್ಷನೂ ಅದನ್ನು ಗಮನಿಸಲಿಲ್ಲ, ಅವನ ಕಣ್ಣು ನೀರಿನ ಮೇಲಿತ್ತು. "ಮ್ಯಾಲ ಎಲ್ಲೋ ಅಡ್ಡಮಳಿ ಆಗ್ಯದ. ಕೆಂಪು ನೀರು ಬರಾಕತ್ತದ. ದಾಟಿದ್ರ ಈಗ ದಾಟಬೇಕು. ಇಲ್ಲಾಂದ್ರ ಇಳಿಯೂತನ ಇಲ್ಲೇ ಕುಂಡ್ರಬೇಕು."

"ನಡೀರಿ," ಎಂದಳು ತಿಮ್ಮವ್ವ.

"ಯಾ ಅಲ್ಲಾ, ಮೌನಪ್ಪಯ್ಯಾ, ದಡ ಮುಟ್ಟಸ್ರಿ," ಎಂದು ಅಲ್ಲಾಬಕ್ಷ್ ತನ್ನ ದೇವರನ್ನೂ ಹೊಳೆದಂಡೆಯ ಶರಣನನ್ನೂ ಒಂದೇ ಉಸಿರಿನಲ್ಲಿ ಕರೆದು ಹುಟ್ಟು ಹಾಕಿದ.

ಹರಿಗೋಲು ಬುಗುರಿಯಂತೆ ಸುತ್ತುತ್ತ ನಡುಹೊಳೆಗೆ ಬಂತು. ನೀರುನಾಯಿಗಳು ತಲೆ ಎತ್ತಿ ನೋಡಿ ಮುಳುಗಿದವು. ದೂರದಲ್ಲಿ ನಡುಗಡ್ಡೆಯ ಬನ್ನಿಮರಗಳು ಕಂಡವು. ಉಳಿದವರು ಕುಕ್ಕರಗಾಲಿನಲ್ಲಿ ಕೂತಿದ್ದರು. ತಿಮ್ಮವ್ವನ ಕಾಲು ಮಾತ್ರ ಇಡೀ ಹರಿಗೋಲನ್ನು ದಾಟಿ ಎದುರು ಅಂಚಿಗೆ ತಾಗಿತ್ತು.

ಆನೆಗಳಂಥ ಎರಡು ಬಂಡೆಗಳ ನಡುವೆ ಹೊಳೆ ಕಿರಿದಾಗಿ ಭೋರ್ಗರೆಯುತ್ತಿತ್ತು. ಹರಿಗೋಲು ಅದರೊಳಗೆ ನುಗ್ಗಿತು. ದಡಕ್! ನೀರೊಳಗಿನ ಕಲ್ಲಿಗೆ ಕೂತುಬಿಟ್ಟಿತು.

ಅಲ್ಲಾಬಕ್ಷ್ ಬಂಡೆಯ ಬಿರುಕಿಗೆ ಹುಟ್ಟು ತುರುಕಿ ಒರಗಿದ. "ಯಮನೂರಪ್ಪಾ, ಆ ಕಲ್ಲು ತಬ್ಬಿಕೋ! ಬಿಡಬ್ಯಾಡ!"

ಯಮನೂರಪ್ಪ ಎರಡೂ ಕೈಯಿಂದ ಬಂಡೆಯ ಮೂಲೆ ತಬ್ಬಿದ.

"ನಾ ಇಳದು ದಬ್ಬತೀನಿ!" ತಾಯಪ್ಪ ಕಲ್ಲಿನ ಮೇಲೆ ಕಾಲಿಟ್ಟ.

"ಲೇ, ಪಾಚಿ ಅದ!"

ಅಲ್ಲಾಬಕ್ಷನ ಮಾತು ಮುಗಿಯಲಿಲ್ಲ. ತಾಯಪ್ಪ ಜಾರಿದ.

ಸೆಳವು ಅವನನ್ನು ಎಳೆದೊಯ್ದು ಕೆಳಗಿನ ಒಂದು ಚೂಪುಗಲ್ಲಿಗೆ ಬಡಿಯಿತು. ಅವನು ಅದನ್ನು ಹಿಡಿದ. ಆಚೆ ಸುಳಿ ತಿರುಗುತ್ತಿತ್ತು.

"ಹಗ್ಗ! ಹಗ್ಗ ಬೀಸ್ರೀ!" ತಾಯಪ್ಪ ಕೂಗಿದ.

ಹಗ್ಗ ದಂಡೆಯಲ್ಲಿ ಎತ್ತುಗಳ ಕೊರಳಲ್ಲಿತ್ತು.

ಅಲ್ಲಾಬಕ್ಷ್ ಹುಟ್ಟು ಬಿಟ್ಟರೆ ಎಲ್ಲರೂ ಹೋಗುತ್ತಿದ್ದರು. ಯಮನೂರಪ್ಪ ಕಲ್ಲು ಬಿಟ್ಟರೂ ಹಾಗೆಯೇ. ಕೈ ಖಾಲಿ ಇದ್ದದ್ದು ತಿಮ್ಮವ್ವನದು ಮಾತ್ರ.

ಅವಳು ಗಂಟು ಬಿಚ್ಚಿದಳು.

ಮೊದಲ ಸಲ ಬೀಸಿದ ಸೀರೆ ಗಾಳಿಗೆ ಅರಳಿ ಹತ್ತಿರವೇ ಬಿತ್ತು. ಎಳೆದುಕೊಂಡಳು. ನೀರಿನಲ್ಲಿ ಅದ್ದಿದಳು. ತುದಿಗೆ ಗಂಟು ಹಾಕಿದಳು. ಮತ್ತೆ ಬೀಸಿದಳು.

ತಾಯಪ್ಪ ಹಿಡಿದ.

"ಬಾ!" ಎಂದಳು ತಿಮ್ಮವ್ವ. ಸೆಟೆದ ಕಾಲನ್ನು ಎದುರು ಅಂಚಿಗೆ ಒತ್ತಿ ಹಿಂದಕ್ಕೆ ಒರಗಿದಳು. ಬಾಗದ ಕಾಲು ಬಾಗಲಿಲ್ಲ. ಮೊಣಕಾಲಿನಿಂದ ಬೆನ್ನ ತನಕ ಬೆಂಕಿ ಹರಿಯಿತು. ಮೊಳ ಮೊಳವಾಗಿ ಮಗ ಹತ್ತಿರ ಬಂದ. ಬಂದು, ಸೀರೆ ಬಿಟ್ಟು ಹರಿಗೋಲಿನ ಅಂಚು ಹಿಡಿದ. ಯಮನೂರಪ್ಪ ಒಂದು ಕೈ ಬಿಟ್ಟು ಅವನ ಕೂದಲಿಗೆ ಕೈ ಹಾಕಿ ಒಳಗೆಳೆದುಕೊಂಡ.

ಅದೇ ಎಳೆತಕ್ಕೆ ಹರಿಗೋಲು ಕಲ್ಲು ಬಿಟ್ಟು ಚಿಮ್ಮಿತು. ಸೀರೆಯ ಆಚೆಯ ತುದಿ ಬಂಡೆಗಳ ಸಂದಿಗೆ ಸಿಕ್ಕಿತ್ತು. ತಿಮ್ಮವ್ವ ಕೈ ಬಿಡಲಿಲ್ಲ. ಸೀರೆ ಬಿಗಿಯಾಯಿತು, ಸರ್ರನೆ ಹರಿಯಿತು.

ಅರ್ಧ ಅವಳ ಕೈಯಲ್ಲಿ ಉಳಿಯಿತು. ಉಳಿದರ್ಧ ಕೆಂಪು ನೀರಿನಲ್ಲಿ ನೀಲಿಯಾಗಿ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಕಾಣಲಿಲ್ಲ.

ಹರಿಗೋಲು ಶಾಂತವಾದ ನೀರಿಗೆ ಬಂತು.

"ಯವ್ವಾ, ಸೀರಿ…" ಎಂದ ತಾಯಪ್ಪ, ಹಲ್ಲು ಕಟಕಟಿಸುತ್ತ.

"ನೀ ಮೈ ಒರಸಿಕೋ," ಎಂದಳು. ಅಷ್ಟೇ ಹೇಳಿ, ಹರಿದ ಸೀರೆಯನ್ನು ಹಿಂಡುವ ನೆವದಲ್ಲಿ ಮುಖಕ್ಕೆ ಒತ್ತಿಕೊಂಡಳು.

ನಡುಗಡ್ಡೆಯ ದಂಡೆಯಲ್ಲಿ ಅಳಿಯ ಕನಕರಾಯ ನಿಂತಿದ್ದ. ಒಂದೇ ವರ್ಷದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ. ನೆನೆದು ನಡುಗುತ್ತಿದ್ದ ತಾಯಪ್ಪನ ಹೆಗಲಿನಿಂದ ಬೊಂಬು ತೆಗೆದು ತನ್ನ ಹೆಗಲಿಗೆ ಇಟ್ಟುಕೊಂಡ. ಏರು ಕಡಿದಾಗಿತ್ತು. ಮಾವ, ಅಳಿಯ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹತ್ತಿದರು.

ಬನ್ನಿಮರದ ಬುಡದಲ್ಲಿ ಒಂದು ದಿಬ್ಬ. ಅದರ ಎಡಮಗ್ಗುಲಿಗೆ ಅಂಟಿಕೊಂಡು ಇನ್ನೊಂದು, ಮಲಗಿದ ಬೆಕ್ಕಿನಷ್ಟು.

ತಿಮ್ಮವ್ವನನ್ನು ಮಣೆಯಿಂದಿಳಿಸಿದರು. ಅವಳು ಕಾಲು ಚಾಚಿ ದಿಬ್ಬದ ಪಕ್ಕ ಕೂತಳು. ಕೈಯಿಂದ ಮಣ್ಣು ಸವರಿದಳು, ತಲೆ ಬಾಚುವವರ ಹಾಗೆ. ಮಡಿಲಲ್ಲಿದ್ದ ಅರ್ಧ ಸೀರೆಯನ್ನು ಬಿಡಿಸಿದಳು, ಮಡಿಸಿದಳು. ಮತ್ತೆ ಬಿಡಿಸಿದಳು.

"ಹರದದ್ದು ಹೆಂಗ ಹೊದಸಲಿ?" ಎಂದಳು. "ಇಷ್ಟು ದೂರ ಬಂದು, ಹರಕು ತಂದೆನವ್ವಾ ನಿನಗ."

ಹಿಂದೆ ಹೆಜ್ಜೆಯ ಸದ್ದಾಯಿತು. ಕನಕರಾಯನ ತಾಯಿ ಗೋಪಮ್ಮ ಕೋಲೂರಿಕೊಂಡು ಬಂದಿದ್ದಳು. ವರ್ಷವಿಡೀ ತಿಮ್ಮವ್ವ ಅವಳನ್ನು ಮನಸ್ಸಿನಲ್ಲಿ ಶಪಿಸಿದ್ದಳು. ತನ್ನ ಮಗಳು ಹಳೆ ಚಿಂದಿಯಲ್ಲಿ ಹೋದಳೆಂದು ಎಣಿಸಿ ಎಷ್ಟೋ ಊಟ ಬಿಟ್ಟಿದ್ದಳು. ಗೋಪಮ್ಮ ಎದುರಿಗೆ ಕೂತಳು.

"ನಿನ್ನ ಮಗಳನ್ನ ಬರಿಮೈಲೆ ಕಳಿಸೀನಿ ಅಂದಕೊಂಡಿಯೇನವ್ವಾ?"

ತಿಮ್ಮವ್ವ ಹರಿದ ಸೀರೆಯನ್ನು ಮಡಿಲಿಗೆ ಎಳೆದುಕೊಂಡಳು.

"ನನಗಂತ ನಮ್ಮಣ್ಣ ತಂದಿಟ್ಟಿದ್ದ ಸೀರಿ ಒಂದಿತ್ತು, ನನ್ನ ಕಡೀ ದಿನಕ್ಕ. ಅವನೂ ಹೋದ, ಅವನ ಮನಿ ದೀಪನೂ ಹೋತು. ಗಡಿಗ್ಯಾಗ ಬೇವಿನ ಎಲಿ ಹಾಕಿ ಇಟ್ಟಿದ್ದೆ. ಅದನ್ನ ತಗದು ಹೊದಿಸಿದೆ. ನನ್ನ ಹೆಸರ್ಲೆ ಅಲ್ಲ. 'ನಿಮ್ಮವ್ವ ತಿಮ್ಮವ್ವ ಕೊಟ್ಟಾಳ, ಉಟಗೊಂಡು ಹೋಗವ್ವಾ ನನ ಮಗಳ' ಅಂತ ಕಿವ್ಯಾಗ ಹೇಳಿ ಕಳಿಸಿದೆ."

ತಿಮ್ಮವ್ವ ಕೈ ಚಾಚಿ ಗೋಪಮ್ಮನ ಪಾದ ಹಿಡಿದಳು. ಹಿಡಿದು, ಒಂದು ವರ್ಷದಿಂದ ಒಳಗೆ ತಡೆದಿಟ್ಟಿದ್ದದ್ದನ್ನೆಲ್ಲ ಅತ್ತಳು. ದಾರಿ ನೋಡುತ್ತ ಕೂತಿದ್ದಾಳೆಂದು ಅವಳು ಅಷ್ಟು ದಿನ ಅಂದುಕೊಂಡಿದ್ದ ಮಗಳು ಎಂದೋ ತವರ ಸೀರೆ ಉಟ್ಟು ಹೊರಟುಹೋಗಿದ್ದಳು.

ಅಳು ಇಳಿದ ಮೇಲೆ ಗೋಪಮ್ಮನೇ ಮಾತು ತೆಗೆದಳು. "ಕೂಸಿಗಿ ಮಾತ್ರ ನಮ್ಮ ಹತ್ರ ಏನೂ ಇದ್ದಿಲ್ಲ. ಬಟ್ಟಿ ಎಲ್ಲಿ ಸಿಗತದ ಈ ಕಾಲದಾಗ? ಎಕ್ಕಿ ಎಲಿಯಾಗ ಮಲಗಿಸಿದ್ವಿ."

"ಗಂಡೋ, ಹೆಣ್ಣೋ?" ತಿಮ್ಮವ್ವ ಕೇಳಿದಳು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಹೆಣ್ಣು. ನಿನ್ನಂಗ ಮೂಗು. ಎರಡು ದಿನ ಇತ್ತು. ಅಳಲೇ ಇಲ್ಲ ಅದು, ಸುಮ್ಮನ ಎಲ್ಲಾರನ್ನೂ ನೋಡತಿತ್ತು."

ತಿಮ್ಮವ್ವ ಅರ್ಧ ಸೀರೆಯನ್ನು ಬಿಡಿಸಿದಳು. ಹೆಸರಿಡುವ ದಿನ ತೊಟ್ಟಿಲಿಗೆ ಬಟ್ಟೆ ತರುವುದು ತಾಯಿಯ ತವರಿನವರೇ. ತೊಟ್ಟಿಲ ಬಟ್ಟೆಗೆ ಇಡೀ ಸೀರೆ ಬೇಕಾಗುವುದಿಲ್ಲ. ಆ ಸಣ್ಣ ದಿಬ್ಬಕ್ಕೆ ಅದು ದೊಡ್ಡದೇ ಆಯಿತು. ಎರಡು ಪದರ ಮಾಡಿದಳು. ಹರಿದ ಅಂಚನ್ನು ಒಳಗೆ ಮಡಿಚಿ, ಕೆಂಪು ದಡಿ ಮೇಲೆ ಕಾಣುವಂತೆ ಹಾಸಿದಳು. ಗಾಳಿ ಹೋಗದಂತೆ ಸುತ್ತ ಕಲ್ಲಿಟ್ಟಳು. ಆಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಸುಲಿದ ಅಂಗೈ ಉರಿಯುತ್ತಿತ್ತು. ಬಹಳ ಹೊತ್ತು ತಟ್ಟಿದಳು. ಯಮನೂರಪ್ಪ ಬನ್ನಿಮರಕ್ಕೆ ಹಣೆ ಒತ್ತಿ ನಿಂತಿದ್ದ.

ನೀರು ಇಳಿಯುವ ತನಕ ಗೋಪಮ್ಮನ ಮನೆಯಲ್ಲೇ ಉಳಿದರು. ಹೊರಡುವ ದಿನ ಡೋಲಿಯಲ್ಲಿ ಕೂತ ಮೇಲೆ ತಿಮ್ಮವ್ವ ಕೇಳಿದಳು.

"ನಿನ್ನ ಸೀರಿ ನನ್ನ ಮಗಳಿಗಿ ಕೊಟ್ಟಿ. ನಿನಗಿನ್ನ ಯಾರು ತರತಾರ?"

"ನನಗ ಯಾರದಾರ ಬೇ? ಹೊಳಿ ದಂಡ್ಯಾಗಿನ ಮಂದಿ ನಾವು, ಗಂಗವ್ವ ನೀರು ಹೊದಸ್ತಾಳ."

"ನಾ ತರತೀನಿ. ಇವತ್ತಿನಿಂದ ಮಾನ್ವಿ ಸೀಮಿ ನಿನ್ನ ತವರು."

ಗೋಪಮ್ಮನ ಕಣ್ಣು ತುಂಬಿದರೂ ಬಾಯಿ ಸುಮ್ಮನಿರಲಿಲ್ಲ. "ಕುಂಟಿ, ನೀ ಹೆಂಗ ಬರತೀ?"

"ಈಗ ಹೆಂಗ ಬಂದೆ?" ಎಂದಳು ತಿಮ್ಮವ್ವ.

ಹಿಂದಿರುಗುವಾಗ ಅಲ್ಲಾಬಕ್ಷ್ ಹಗ್ಗ ತಂದಿದ್ದ. ಆನೆಬಂಡೆಗಳ ನಡುವೆ ತಾಯಪ್ಪ ಅವ್ವನ ಕೈ ಹಿಡಿದೇ ಕೂತಿದ್ದ. ಯಾರಿಗೂ ನೀರಿನ ಕಡೆ ನೋಡುವ ಧೈರ್ಯವಾಗಲಿಲ್ಲ. ದಡ ಹತ್ತಿದ ಮೇಲೆ, ಬಂಡೆಗಳ ಸಂದಿಯಲ್ಲಿ ಬೊಂಬು ಮುರಿಯಿತು. ಆಮೇಲೆ ಬಂಡಿಯ ತನಕ ತಂದೆ, ಮಗ ಸರದಿಯಂತೆ ಅವಳನ್ನು ಬೆನ್ನ ಮೇಲೆ ಹೊತ್ತರು. ಉಬ್ಬಸ ಬಂದು ನಿಂತಾಗಲೆಲ್ಲ ಯಮನೂರಪ್ಪ ದೇವರ ಹೆಸರು ಹೇಳಿದ. ದೇವದುರ್ಗದ ಏರಿನಲ್ಲಿ ಬಂಡಿಯ ಕೀಲು ಜಾರಿ ಒಂದು ಹಗಲು ಹೋಯಿತು. ಕಾಲು ಮತ್ತೆ ಬಾತಿತ್ತು. ಕೌದಿಯ ಮೇಲೆ ಮಲಗಿ ತಿಮ್ಮವ್ವ ಆಕಾಶ ನೋಡುತ್ತ ಬಂದಳು. ಮೊದಲ ಮೋಡಗಳು ಕೃಷ್ಣೆಯ ಕಡೆಗೆ ಹೋಗುತ್ತಿದ್ದವು.

ಊರು ಮುಟ್ಟಿದಾಗ ದನ ಮನೆಗೆ ಬರುವ ಹೊತ್ತು. ನೆರೆಮನೆಯ ಮಾನಮ್ಮ ಕೈಯೊಳಗಿನ ಮೊರ ಕೆಳಗಿಟ್ಟು ಬಂಡಿಯ ಹತ್ತಿರ ಓಡಿಬಂದಳು.

"ಬಂದಿಯೇನಬೇ ತಿಮ್ಮವ್ವಾ? ಹೋಗಿ ಮುಟ್ಟಿದ್ರಿ?"

"ಮುಟ್ಟಿದ್ವಿ," ಎಂದಳು ತಿಮ್ಮವ್ವ. "ಮಗಳೂ ಮೊಮ್ಮಗಳೂ ಅವರ ಮನ್ಯಾಗ ಅದಾರ. ಅತ್ತಿ ಛಲೋ ನೋಡಿಕೊಂಡಾಳ. ನೋಡಿಕೊಂಡು ಬಂದ್ವಿ."

ಮಾನಮ್ಮ ಗಾಲಿಯ ಪಕ್ಕ ನಿಂತು ತನ್ನ ಹೆಗಲು ಕೊಟ್ಟಳು. ತಿಮ್ಮವ್ವ ಅದನ್ನು ಹಿಡಿದು, ನೋವಿಗೆ ತುಟಿ ಕಚ್ಚಿ, ಬಂಡಿಯಿಂದ ಕೆಳಗಿಳಿದಳು.